ತಾಂಬೂಲದ ಚೀಲ: ಏನು ಹಾಕಬೇಕು, ಎಷ್ಟು ಮಾಡಿಸಬೇಕು

ಮದುವೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದರಲ್ಲಿ ಮನೆಯವರಿಗೆಲ್ಲ ಒಮ್ಮತ ಇರುತ್ತದೆ. ಕೈಗೆ ಏನು ಕೊಡಬೇಕು ಅನ್ನುವಲ್ಲಿ ತಕರಾರು ಶುರು. ಅಮ್ಮ ಸ್ಟೀಲ್ ಡಬ್ಬಿ ಅಂತಾರೆ, ಮದುಮಗ ಸಸಿ ಅಂತಾನೆ, ಚಿಕ್ಕಪ್ಪ ಕಾಯಿ ಕೊಟ್ಟರೆ ಸಾಕು ಬಿಡ್ರೋ ಅಂತಾರೆ. ಮೂವರೂ ವಸ್ತುವನ್ನು ಹಿಡಿದುಕೊಂಡು ಮಾತಾಡುತ್ತಿದ್ದಾರೆ. ಮೊದಲು ಆಗಬೇಕಾದ್ದು ಲೆಕ್ಕ: ಎಷ್ಟು ಚೀಲ, ಒಂದು ಚೀಲಕ್ಕೆ ಎಷ್ಟು ರೂಪಾಯಿ, ಯಾರು ತುಂಬುತ್ತಾರೆ, ಎಲ್ಲಿ ನಿಂತು ಕೊಡುತ್ತಾರೆ. ಇಷ್ಟು ತೀರ್ಮಾನವಾದರೆ ಪಟ್ಟಿಯಲ್ಲಿರುವ ಅರ್ಧ ವಸ್ತುಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಇಲ್ಲಿರುವುದು ಮುಖ್ಯವಾಗಿ ಹಳೇ ಮೈಸೂರು ಕಡೆಯ, ಕಾಯಿ-ವೀಳ್ಯ ಕೊಡುವ ಮದುವೆಗಳ ಲೆಕ್ಕ. ಉತ್ತರ ಕರ್ನಾಟಕದ ಉಡಿ (ಹೆಂಗಸರ ಮಡಿಲಿಗೆ ತುಂಬುವುದು), ಆಯೇರಿಯ (ನೆಂಟರಿಗೆ ಕೊಡುವ ಬಟ್ಟೆಯ ಉಡುಗೊರೆ) ವಿಷಯ ಮುಂದೆ ಬರುತ್ತದೆ.

ಎಷ್ಟು ಚೀಲ

ಊಟದ ಎಲೆಗಳ ಲೆಕ್ಕವನ್ನೇ ಚೀಲದ ಲೆಕ್ಕ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಅಡುಗೆಯವರಿಗೆ 1000 ಎಲೆ ಹೇಳಿದ್ದೀರಿ ಎಂದರೆ 1000 ಚೀಲ ಬೇಕಿಲ್ಲ. ಗಂಡ ಹೆಂಡತಿ ಇಬ್ಬರು ಮಕ್ಕಳು ಬಂದರೆ ನಾಲ್ಕು ಎಲೆ, ಒಂದೇ ಚೀಲ. ಆದರೆ ಅದೇ ಮನೆಯ ಅತ್ತೆ ಸೊಸೆ ಇಬ್ಬರೂ ಬಂದರೆ ಇಬ್ಬರಿಗೂ ಬೇರೆ ಬೇರೆ ಕೊಡಬೇಕು; ಒಬ್ಬರಿಗೆ ಕುಂಕುಮ ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಆರತಕ್ಷತೆಯ ಲೆಕ್ಕ ಬೇರೆ: ಆಫೀಸಿನವರು ಒಬ್ಬೊಬ್ಬರಾಗಿ ಬರುತ್ತಾರೆ, ಒಬ್ಬೊಬ್ಬರಿಗೂ ಒಂದು ಚೀಲ ಹೋಗುತ್ತದೆ. ಹಾಗಾಗಿ ಧಾರೆಯ ಊಟಕ್ಕೆ 100 ಎಲೆಗೆ 40ರಿಂದ 45 ಚೀಲ, ಪಟ್ಟಣದ ಆರತಕ್ಷತೆಗೆ 100 ಎಲೆಗೆ 60ರಿಂದ 65 ಚೀಲ ಎಂದು ಅಂದಾಜು ಹಿಡಿಯಬಹುದು.

ಅಂದಾಜಿಗಿಂತ ಭದ್ರವಾದ ದಾರಿ ಆಹ್ವಾನದ ಪಟ್ಟಿ. ಪ್ರತಿ ಹೆಸರಿನ ಎದುರು ಮನೆಗೆ ಎಷ್ಟು ಮುತ್ತೈದೆಯರು, ಒಂಟಿಯಾಗಿ ಬರುವವರು ಯಾರು ಎಂದು ಪೆನ್ಸಿಲಿನಲ್ಲಿ ಬರೆದು ಕೂಡಿಸಿ. ಹಿಂದಿನ ರಾತ್ರಿ ಆರತಕ್ಷತೆಗೂ ಬೆಳಗ್ಗೆ ಧಾರೆಗೂ ಬರುವ ನೆಂಟರನ್ನು ಎರಡು ಸಲ ಎಣಿಸಬೇಡಿ. ಬಂದ ಮೊತ್ತಕ್ಕೆ ನೂರಕ್ಕೆ 5ರಂತೆ ಸೇರಿಸಿ. ಆ ಹೆಚ್ಚುವರಿ ಕೆಟ್ಟುಹೋಗುವ ಕಾಯಿಗೆ, ಲೆಕ್ಕಕ್ಕೆ ಸಿಗದ ಅತಿಥಿಗೆ. ವಾದ್ಯದವರು, ಡ್ರೈವರುಗಳು, ಛತ್ರದ ಕೆಲಸದವರಿಗೆಂದು ಇನ್ನೊಂದು 20 ಬೇರೆ ಇಡಿ.

ಬೀಗರ ಜೊತೆಯೂ ಈ ಹಂತದಲ್ಲೇ ಮಾತಾಡಿಕೊಳ್ಳಿ. ಎರಡೂ ಕಡೆಯವರು ತಮ್ಮ ತಮ್ಮ ಪಾಡಿಗೆ ಚೀಲ ಮಾಡಿಸಿದರೆ ಊಟದ ಮನೆ ಬಾಗಿಲಲ್ಲಿ ಎರಡು ಮೇಜು, ಎರಡು ಥರದ ಚೀಲ. ಬಂದವರು ಕಣ್ಣಲ್ಲೇ ತೂಕ ಹಾಕುತ್ತಾರೆ. ಧಾರೆಗೆ ಹೆಣ್ಣಿನ ಕಡೆಯವರು, ಆರತಕ್ಷತೆಗೆ ಗಂಡಿನ ಕಡೆಯವರು ಎಂದೋ, ಒಂದೇ ಚೀಲ ಮಾಡಿಸಿ ಖರ್ಚು ಹಂಚಿಕೊಳ್ಳುವುದೆಂದೋ ಮೊದಲೇ ಮಾತಾಗಲಿ.

ದುಡ್ಡಿನ ವಿಷಯದಲ್ಲಿ ಒಂದು ಗುಣಾಕಾರ ನೆನಪಿರಲಿ. 500 ಚೀಲವೆಂದರೆ, ಚೀಲಕ್ಕೆ 10 ರೂಪಾಯಿ ಹೆಚ್ಚಾದಾಗ ಒಟ್ಟು 5,000 ಹೆಚ್ಚಾಯಿತು. ಅಂಗಡಿಯಲ್ಲಿ "ಬರೀ ಇಪ್ಪತ್ತು ರೂಪಾಯಿ ಜಾಸ್ತಿ ಸಾರ್, ಪೀಸ್ ಚೆನ್ನಾಗಿದೆ" ಎನ್ನುವ ಮಾತಿಗೆ ತಲೆಯಾಡಿಸುವ ಮೊದಲು ಈ ಗುಣಾಕಾರ ಮಾಡಿ.

ಕಾಯಿ

ಚೀಲದಲ್ಲಿ ಏನೇ ಇರಲಿ, ಬಂದವರು ಮನೆಗೆ ಹೋಗಿ ಮೊದಲು ಒಡೆಯುವುದು ಕಾಯಿ. ಅದು ಕೊಳೆತಿದ್ದರೆ ಅಪಶಕುನ ಎಂದು ಮನಸ್ಸಿಗೆ ಹಚ್ಚಿಕೊಳ್ಳುವವರು ಈಗಲೂ ಇದ್ದಾರೆ. ಜೊತೆಗಿಟ್ಟ ಡಬ್ಬಿ ಎಷ್ಟೇ ಬೆಲೆಯದಾದರೂ ಕೊಳೆತ ಕಾಯಿಯ ಬೇಸರವನ್ನು ಅದು ತುಂಬಿಕೊಡುವುದಿಲ್ಲ. ಆದ್ದರಿಂದ ಹೆಚ್ಚು ಗಮನ ಇಲ್ಲಿಗೇ ಹೋಗಲಿ.

ಚೆನ್ನಾಗಿ ಬಲಿತ ಕಾಯಿಯೇ ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರು ಕುಲುಕುವ ಸದ್ದು ಸ್ಪಷ್ಟವಾಗಿ ಕೇಳಬೇಕು. ಸದ್ದೇ ಇಲ್ಲದಿದ್ದರೆ ಒಂದೋ ಎಳಸು, ನೀರು ತುಂಬಿಕೊಂಡಿದೆ. ಇಲ್ಲವೇ ಒಣಗಿದೆ ಅಥವಾ ಬಿರುಕಿನಿಂದ ನೀರು ಸೋರಿಹೋಗಿದೆ. ಜುಟ್ಟನ್ನು ಬೆರಳಿನಿಂದ ಸ್ವಲ್ಪ ಸರಿಸಿ ಕಣ್ಣು ನೋಡಿ. ಕಣ್ಣಿನ ಸುತ್ತ ಒದ್ದೆಯಿದ್ದರೆ, ಬಿಳಿ ಬೂಷ್ಟು ಕಂಡರೆ, ಮೂಗಿಗೆ ಹುಳಿ ವಾಸನೆ ಬಡಿದರೆ ಪಕ್ಕಕ್ಕಿಡಿ. ಚಿಪ್ಪಿನ ಮೇಲೆ ಕೂದಲೆಳೆಯಂಥ ಕಪ್ಪು ಒದ್ದೆಗೆರೆ ಕಂಡರೆ ಅದು ಬಿರಿದ ಕಾಯಿ, ಇನ್ನೆರಡು ದಿನಕ್ಕೆ ಕೆಡುತ್ತದೆ.

ಜುಟ್ಟು ಕೀಳಿಸಬೇಡಿ. ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ. ಜುಟ್ಟು ಹೋದರೆ ಅಲ್ಲಿಂದಲೇ ಕೊಳೆ ಶುರು. ನೋಡಲು ನಯವಾಗಿರಲೆಂದು ಪೂರ್ತಿ ಬೋಳಿಸಿದ ಕಾಯಿ ಬೇಸಿಗೆಯ ಛತ್ರದಲ್ಲಿ ಎರಡು ದಿನ ತಡೆದರೆ ಹೆಚ್ಚು.

ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನೆಂಟರೋ ಪರಿಚಯದವರೋ ಇದ್ದರೆ ತೋಟದವರ ಹತ್ತಿರವೇ ನೂರರ ಲೆಕ್ಕದಲ್ಲಿ ಮಾತಾಡಬಹುದು. ಪಟ್ಟಣದಲ್ಲಿ ತೂಕದ ಲೆಕ್ಕ ಹೆಚ್ಚು. ಎರಡರಲ್ಲೂ ಒಂದೊಂದು ಮೋಸವಿದೆ. ಎಣಿಕೆಯಲ್ಲಿ ಕೊಟ್ಟಾಗ ಗೋಣಿಯ ಬಾಯಿಗೆ ದಪ್ಪ ಕಾಯಿ, ತಳಕ್ಕೆ ಸಣ್ಣ ಕಾಯಿ ಬರುತ್ತವೆ. ಒಂದೆರಡು ಗೋಣಿಯನ್ನು ತಳದವರೆಗೂ ಸುರುವಿಸಿ ನೋಡಿ. ತೂಕದಲ್ಲಿ ಕೊಂಡಾಗ ಆಗಷ್ಟೇ ಸುಲಿದ, ನಾರಿನಲ್ಲಿ ಇನ್ನೂ ಹಸಿಯಿರುವ ಕಾಯಿ ಹೆಚ್ಚು ತೂಗುತ್ತದೆ. ಅರ್ಧ ಕೆಜಿ ಆಸುಪಾಸಿನ ಮಧ್ಯಮ ಗಾತ್ರ ತಾಂಬೂಲಕ್ಕೆ ಸರಿ. ಅಂಥ 500 ಕಾಯಿ ಎಂದರೆ ಎರಡೂವರೆ ಕ್ವಿಂಟಲ್. ಕಾರಿನ ಡಿಕ್ಕಿಯ ಕೆಲಸವಲ್ಲ, ಗೂಡ್ಸ್ ಆಟೋ ಹೇಳಿಡಿ.

ಸಿಪ್ಪೆ ಸಮೇತ ಇದ್ದರೆ ಕಾಯಿ ವಾರಗಟ್ಟಲೆ ಇರುತ್ತದೆ. ಮದುವೆಗೆ ಮೂರು ದಿನ ಇರುವಾಗ ಸುಲಿಸಿದರೆ ಸಾಕು. ಸುಲಿದ ಕಾಯಿಯನ್ನು ಬಿಸಿಲಿಗೆ, ತಗಡಿನ ಶೀಟಿನ ಕೆಳಗೆ ಇಟ್ಟರೆ ಚಟಚಟನೆ ಬಿರಿಯುತ್ತದೆ. ಛತ್ರದ ಉಗ್ರಾಣದಲ್ಲಿ ನೆಲದ ಮೇಲೆ ಗೋಣಿ ಹಾಸಿ ನೆರಳಿನಲ್ಲಿ ಹರಡಿ. ಕೊಳ್ಳುವಾಗಲೇ "ಬಾಯಿ ಬಿಚ್ಚದ ಗೋಣಿ ಉಳಿದರೆ ವಾಪಸ್ ತಗೋತೀರಾ?" ಎಂದು ಕೇಳಿಬಿಡಿ. ಬಹಳ ಅಂಗಡಿಯವರು ಒಪ್ಪುತ್ತಾರೆ, ಆದರೆ ಮದುವೆ ಮುಗಿದ ಮೇಲೆ ಕೇಳಿದರೆ ಒಪ್ಪುವುದಿಲ್ಲ.

2025ರಲ್ಲಿ ಕಾಯಿಯ ಬೆಲೆ ವಿಪರೀತ ಏರಿದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ ನಿಂಬೆಕಾಯಿ ಗಾತ್ರದ ಕಾಯಿ ಹುಡುಕಿಕೊಂಡು ಹೋಗುವುದಕ್ಕಿಂತ ಜೊತೆಗಿಡುವ ವಸ್ತುವನ್ನು ಕೈಬಿಡುವುದು ಮೇಲು. ಒಳ್ಳೆಯ ಕಾಯಿ, ಎರಡು ಎಲೆ, ಒಂದು ಅಡಿಕೆ ಇದ್ದರೆ ತಾಂಬೂಲ ಪೂರ್ತಿಯಾಯಿತು.

ಎಲೆ, ಅಡಿಕೆ, ಹೂವು, ಕುಂಕುಮ

ಚೀಲಕ್ಕೆ ಎರಡು ಎಲೆಯಂತೆ 500 ಚೀಲಕ್ಕೆ 1000 ಎಲೆ, ಹರಿದದ್ದು ಚುಕ್ಕೆ ಬಿದ್ದದ್ದು ತೆಗೆಯಲು ಇನ್ನೂ 100. ತುದಿ ಮುರಿದ ಎಲೆ ತಾಂಬೂಲಕ್ಕೆ ಬರುವುದಿಲ್ಲ. ಕಟ್ಟಿಗೆ ಎಷ್ಟು ಎಲೆ ಎನ್ನುವುದು ಊರಿಂದೂರಿಗೆ ಬದಲಾಗುತ್ತದೆ, ಕಟ್ಟಿನ ಬೆಲೆ ಕೇಳುವಾಗ ಎಣಿಕೆಯನ್ನೂ ಕೇಳಿ. ಮೈಸೂರು ಎಲೆ ನಯವಾಗಿ ಎಳಸಾಗಿ ಚೆಂದ ಕಾಣುತ್ತದೆ, ಬೇಗ ಬಾಡುತ್ತದೆ ಕೂಡ. ಹಿಂದಿನ ದಿನ ಸಂಜೆ ತರಿಸಿ, ನೀರಿನಲ್ಲಿ ಒಮ್ಮೆ ಅದ್ದಿ ಕೊಡವಿ, ಬಿದಿರು ಬುಟ್ಟಿಯಲ್ಲಿ ಬಾಳೆ ಎಲೆ ಹಾಸಿ ಮೇಲೆ ಹಸಿ ಬಟ್ಟೆ ಮುಚ್ಚಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಒಳಗೇ ಬಿಸಿಯಾಗಿ ಬೆಳಗಾಗುವಷ್ಟರಲ್ಲಿ ಅಂಚು ಕಪ್ಪಾಗಿರುತ್ತದೆ.

ಅಡಿಕೆ ಕೆಜಿಗೆ ಎಷ್ಟು ಬರುತ್ತದೆ ಎನ್ನುವುದು ಗಾತ್ರದ ಮೇಲೆ ಹೋಗುತ್ತದೆ. ಅಂಗಡಿಯಲ್ಲೇ 100 ಗ್ರಾಂ ತೂಗಿಸಿ ಎಣಿಸಿ, ಹತ್ತರಿಂದ ಗುಣಿಸಿ. ಕೈಯಲ್ಲಿ ಹಿಡಿದರೆ ತುಂಬಾ ಹಗುರ ಎನಿಸುವ, ಸಣ್ಣ ತೂತಿರುವ ಅಡಿಕೆಗೆ ಹುಳು ಬಿದ್ದಿದೆ.

ಹೂವು ಮಾರಿನ ಲೆಕ್ಕ. ಒಂದು ಮಾರಿಗೆ ನಾಲ್ಕು ಮೊಳ, ಅರ್ಧ ಮೊಳದ ತುಂಡು ಮಾಡಿದರೆ ಎಂಟು ಜನಕ್ಕೆ. 400 ಹೆಂಗಸರಿಗೆ 50 ಮಾರು. ಹೂವು ಚೀಲದೊಳಗೆ ಹೋಗಬಾರದು, ತಟ್ಟೆಯಲ್ಲಿಟ್ಟು ಕೈಗೆ ಕೊಡಬೇಕು. ಚೀಲದೊಳಗೆ ಕಾಯಿಯ ಕೆಳಗೆ ಸಿಕ್ಕ ಮಲ್ಲಿಗೆ ಮನೆ ಮುಟ್ಟುವಷ್ಟರಲ್ಲಿ ಕಂದಿರುತ್ತದೆ.

ಅರಿಶಿನ ಕುಂಕುಮದ ಪೊಟ್ಟಣಗಳಿಂದ ಆಗುವಷ್ಟು ರಗಳೆ ಇನ್ಯಾವುದರಿಂದಲೂ ಆಗುವುದಿಲ್ಲ. ಶಾಖ ಕೊಟ್ಟು ಅಂಟಿಸಿದ ಸಣ್ಣ ಪೊಟ್ಟಣದ ಒಂದು ಅಂಚು ಸರಿಯಾಗಿ ಕೂತಿರದಿದ್ದರೆ ಕುಂಕುಮ ಸೋರುತ್ತದೆ. ಎಲೆಯ ಹಸಿ ತಾಗಿದರೆ ಚೀಲ, ರವಿಕೆ ಕಣ, ಕೊನೆಗೆ ಕಾರಿನ ಸೀಟೂ ಕೆಂಪು. ಹತ್ತು ಪೊಟ್ಟಣ ತೆಗೆದು ಬಿಳಿ ಕಾಗದದ ಮೇಲೆ ಒತ್ತಿ ನೋಡಿ. ಕಾಗದಕ್ಕೆ ಬಣ್ಣ ಹತ್ತಿದರೆ ಆ ಮಾಲು ಬೇಡ.

ಚೀಲದ ಅಳತೆ ಮತ್ತು ಬಟ್ಟೆ

ವಸ್ತುಗಳೆಲ್ಲ ಬಂದ ಮೇಲೆ ಚೀಲ ಚಿಕ್ಕದಾಯಿತು ಎನ್ನುವ ಗೋಳು ಸಾಮಾನ್ಯ. ಲೆಕ್ಕ ಸುಲಭ. ಸುಲಿದ ಮಧ್ಯಮ ಕಾಯಿಯ ಸುತ್ತಳತೆ ಸುಮಾರು 14 ಇಂಚು. ಚಪ್ಪಟೆ ಚೀಲಕ್ಕೆ ಎರಡು ಪದರ, ಹಾಗಾಗಿ 7 ಇಂಚು ಅಗಲದ ಚೀಲದಲ್ಲಿ ಕಾಯಿ ಸಿಕ್ಕಿಕೊಂಡು ನಿಲ್ಲುತ್ತದೆ. ಕಾಯಿಯೊಂದೇ ಆದರೆ 9 ಇಂಚು ಅಗಲ ಬೇಕು. ಪಕ್ಕದಲ್ಲಿ ಸಿಹಿಯ ಪೆಟ್ಟಿಗೆಯೋ ಡಬ್ಬಿಯೋ ಇದ್ದರೆ 10ರಿಂದ 11 ಅಗಲ, 12ರಿಂದ 13 ಎತ್ತರ. ತಳಕ್ಕೆ 3 ಇಂಚು ಮಡಿಕೆ ಕೊಡಿಸಿದರೆ ಮೇಜಿನ ಮೇಲೆ ನಿಲ್ಲುತ್ತದೆ. ಅಳತೆ ಹೇಳುವಾಗ ಹೊಲಿದ ಮೇಲಿನ ಅಳತೆ ಎಂದು ಒತ್ತಿ ಹೇಳಿ, ಇಲ್ಲದಿದ್ದರೆ ಕತ್ತರಿಸುವಾಗಿನ ಅಳತೆ ಹಿಡಿದು ಒಂದು ಇಂಚು ಕಡಿಮೆ ಬರುತ್ತದೆ.

"ಬಟ್ಟೆ ಚೀಲ" ಎಂದು ಕೊಡುವುದರಲ್ಲಿ ಬಹಳಷ್ಟು ಬಟ್ಟೆಯದ್ದೇ ಅಲ್ಲ. ಹತ್ತಿರದಿಂದ ನೋಡಿ: ಮೇಲ್ಮೈ ತುಂಬ ಒತ್ತಿದಂಥ ಸಣ್ಣ ಚುಕ್ಕೆಗಳ ಸಾಲು, ಎಳೆ ಎಲ್ಲೂ ಕಾಣುವುದಿಲ್ಲ, ಅಂಚನ್ನು ಹೊಲಿಯುವ ಬದಲು ಕಾಯಿಸಿ ಅಂಟಿಸಿದ್ದಾರೆ. ಅದು ನಾನ್‌ವೋವನ್, ಅಂದರೆ ಪ್ಲಾಸ್ಟಿಕ್. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರಿಂದಲೇ ನಿಷೇಧವಿದೆ. ದೇಶದಾದ್ಯಂತ 2022ರ ಜುಲೈ 1ರಿಂದ ಬಂದ ನಿಷೇಧದಲ್ಲಿ ಸಿಹಿ ಪೆಟ್ಟಿಗೆಗೆ, ಆಹ್ವಾನ ಪತ್ರಿಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಕೆಲವು ಛತ್ರಗಳು ಬಾಡಿಗೆ ಕರಾರಿನಲ್ಲೇ ಇದನ್ನು ಬರೆಯುತ್ತವೆ, ಓದಿ ಸಹಿ ಮಾಡಿ.

ಕೋರಾ ಹತ್ತಿ ಬಟ್ಟೆ ಅಥವಾ ತೆಳು ಸೆಣಬಿನ ಚೀಲ ಒಳ್ಳೆಯದು. ಮೊದಲು ಒಂದೇ ಚೀಲ ಹೊಲಿಸಿ ಅದರಲ್ಲಿ ಎರಡು ಕೆಜಿ ತೂಕ ಹಾಕಿ ರಾತ್ರಿಯಿಡೀ ಮೊಳೆಗೆ ತೂಗುಹಾಕಿ. ಹರಿಯುವುದು ಯಾವಾಗಲೂ ಹಿಡಿಯ ಬುಡದಲ್ಲಿ. ಹಿಡಿಯನ್ನು ಅಂಚಿಗೆ ಒಂದೇ ಗೆರೆ ಹೊಲಿದಿದ್ದರೆ ಸಾಲದು. ಒಂದೂವರೆ ಇಂಚು ಕೆಳಗಿಳಿಸಿ ಚೌಕ ಹೊಲಿದು ಮಧ್ಯೆ ಅಡ್ಡ ಹೊಲಿಗೆ ಹಾಕಿರಬೇಕು.

ಮುದ್ರಣ ಒಂದೇ ಬಣ್ಣದಲ್ಲಿ ಇರಲಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕು, ಬಣ್ಣ ಕೂಡಿದಂತೆ ಖರ್ಚೂ ಕೂಡುತ್ತದೆ. ವಧೂವರರ ಫೋಟೋ, ದಪ್ಪಕ್ಷರದ ಹೆಸರು ಬೇಡ. ಅಂಥ ಚೀಲ ಹಿಡಿದು ಯಾರೂ ತರಕಾರಿಗೆ ಹೋಗುವುದಿಲ್ಲ, ಬಿಸಾಡಲೂ ಆಗದೆ ಅಟ್ಟ ಸೇರುತ್ತದೆ. ಮೂಲೆಯಲ್ಲಿ ಚಿಕ್ಕದಾಗಿ ಹೆಸರು, ತಾರೀಖು ಇದ್ದರೆ ಚೀಲ ಹರಿಯುವವರೆಗೂ ಬಳಕೆಯಾಗುತ್ತದೆ. ಕನ್ನಡ ಅಕ್ಷರದ ಬಗ್ಗೆ ಒಂದು ಎಚ್ಚರಿಕೆ: ನೀವು ಮೊಬೈಲಿನಿಂದ ಕಳಿಸಿದ ಯುನಿಕೋಡ್ ಸಾಲನ್ನು ಮುದ್ರಣದವರು ತಮ್ಮ ಹಳೆಯ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಅದಲುಬದಲಾಗುತ್ತವೆ. ಕೀರ್ತಿ, ಪ್ರಜ್ವಲ್, ಐಶ್ವರ್ಯ ಮೊದಲಾದ ಹೆಸರುಗಳಿದ್ದರಂತೂ ಮೊದಲ ಚೀಲ ಮುದ್ರಿಸಿ, ಅದರ ಫೋಟೋ ನೋಡಿದ ಮೇಲೆಯೇ ಮುಂದುವರಿಯಲು ಹೇಳಿ.

ಜೊತೆಗೆ ಒಂದು ವಸ್ತು

ಇಡಲೇಬೇಕೆಂದೇನಿಲ್ಲ. ಇಡುವುದಾದರೆ ತಿಂಗಳೊಳಗೆ ಖರ್ಚಾಗಿ ಮುಗಿಯುವ ವಸ್ತುವೇ ಎಲ್ಲಕ್ಕಿಂತ ಮೇಲು. ಮನೆಗಳಲ್ಲಿ ಜಾಗ ಕಡಿಮೆ, ಮದುವೆಗಳು ಹೆಚ್ಚು. ವರ್ಷಕ್ಕೆ ಇಪ್ಪತ್ತು ಮದುವೆಗೆ ಹೋಗುವ ಮನೆಗೆ ಇಪ್ಪತ್ತೊಂದನೆಯ ಪ್ಲಾಸ್ಟಿಕ್ ಬುಟ್ಟಿಯಿಂದ ಯಾವ ಸಂತೋಷವೂ ಇಲ್ಲ.

ರವಿಕೆ ಕಣ ಕೊಡುವವರು ಅಳತೆ ನೋಡುವುದೇ ಇಲ್ಲ. ಪ್ಯಾಕೆಟ್ಟಿನಲ್ಲಿ ಚೆಂದವಾಗಿ ಮಡಿಸಿಟ್ಟ ಅಗ್ಗದ ಕಣ ಬಿಚ್ಚಿದರೆ 70 ಸೆಂಟಿಮೀಟರ್ ಇರುತ್ತದೆ. ಸಾಮಾನ್ಯ ಪನ್ನದ (ಅಗಲದ) ಬಟ್ಟೆಯಲ್ಲಿ ಗಿಡ್ಡ ತೋಳಿನ ರವಿಕೆಗೆ 80 ಸೆಂಟಿಮೀಟರ್ ಆದರೂ ಬೇಕು, ಮೊಣಕೈವರೆಗಿನ ತೋಳಿಗೆ ಒಂದು ಮೀಟರ್. ಹೊಲಿಸಲಾಗದ ಕಣ ಒಂದು ಅರಿಶಿನ ಕುಂಕುಮದಿಂದ ಇನ್ನೊಂದಕ್ಕೆ ಮನೆಯಿಂದ ಮನೆಗೆ ಸುತ್ತುತ್ತದೆ, ಕೆಲವೊಮ್ಮೆ ಸುತ್ತಿ ಕೊಟ್ಟವರ ಮನೆಗೇ ಬರುವುದೂ ಉಂಟು. ಕೊಡುವುದಾದರೆ ಹತ್ತಿಯದ್ದು, ಒಂದು ಮೀಟರ್. ಒಂದು ಮೂಲೆ ಒದ್ದೆ ಮಾಡಿ ಬಿಳಿ ಕರ್ಚೀಫಿಗೆ ಉಜ್ಜಿ. ಬಣ್ಣ ಹತ್ತಿದರೆ ವೀಳ್ಯದೆಲೆಯ ಹಸಿಗೇ ಬಣ್ಣ ಬಿಡುತ್ತದೆ.

ಸ್ಟೀಲಿನಲ್ಲಿ ಅಂಗಡಿಯವರು ಮ್ಯಾಗ್ನೆಟ್ ಹಿಡಿದು "ನೋಡಿ, ಅಂಟೋದಿಲ್ಲ, ಒರಿಜಿನಲ್" ಎಂದು ತೋರಿಸುತ್ತಾರೆ. ಅಂಟದಿದ್ದ ಮಾತ್ರಕ್ಕೆ ಅದು 304, ಅಂದರೆ ಒಳ್ಳೆಯ ದರ್ಜೆಯ ಸ್ಟೀಲು, ಎನ್ನುವಂತಿಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ 202 ಕೂಡ ಅಂಟುವುದಿಲ್ಲ, ಆದರೆ ಉಪ್ಪು-ಹುಣಸೆ ತಾಗಿದಲ್ಲಿ ಬೇಗ ಕಲೆಯಾಗುತ್ತದೆ. ಅಂಟಿದರೆ ಅದಕ್ಕಿಂತ ಕಡಿಮೆ ದರ್ಜೆಯದು ಎಂದು ಹೆಚ್ಚುಕಡಿಮೆ ಹೇಳಬಹುದು, ಅಷ್ಟೇ. ಕಡಿಮೆ ದುಡ್ಡಿನಲ್ಲಿ ದೊಡ್ಡ ತೆಳು ಡಬ್ಬಿ ಕೊಡುವ ಬದಲು ದಪ್ಪ ತಗಡಿನ ಒಂದು ಸೌಟೋ ಲೋಟವೋ ಕೊಟ್ಟರೆ ಅಡುಗೆಮನೆಯಲ್ಲಿ ನಿಲ್ಲುತ್ತದೆ. ಡಬ್ಬಿಯೇ ಬೇಕೆಂದರೆ ಮುಚ್ಚಳ ಹಾಕಿ ತಲೆಕೆಳಗು ಮಾಡಿ ನೋಡಿ.

ಜರ್ಮನ್ ಸಿಲ್ವರ್ ಎಂಬ ಹೆಸರಿನ ಕುಂಕುಮದ ಬಟ್ಟಲು, ಪುಟ್ಟ ತಟ್ಟೆಗಳು ಈಗ ಎಲ್ಲ ಕಡೆ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ಸತು, ನಿಕ್ಕಲ್‌ಗಳ ಬೆರಕೆ. ತಪ್ಪೇನಿಲ್ಲ, ಆದರೆ ಬೆಳ್ಳಿಯ ಲೇಪವೆಂದು ನಂಬಿ ಹೆಚ್ಚಿನ ಬೆಲೆ ಕೊಡಬೇಡಿ. ಹಸಿ ಎಲೆಯ ಪಕ್ಕ ರಾತ್ರಿ ಕಳೆದರೆ ಕಂದುತ್ತದೆ, ಕಾಗದದಲ್ಲಿ ಸುತ್ತಿಯೇ ಇಡಬೇಕು.

ಚನ್ನಪಟ್ಟಣದ ಮರದ ಕುಂಕುಮ ಭರಣಿ ಈ ಬೆಲೆಯಲ್ಲಿ ಸಿಗುವ ವಸ್ತುಗಳಲ್ಲೇ ಚೆಂದದ್ದು. ಹಾಲೆ ಮರವನ್ನು ಚಕ್ರಕ್ಕೆ ಕೊಟ್ಟು ಅರಗಿನ ಬಣ್ಣ ಹಿಡಿಸಿದ್ದು. ಪೇಂಟಿನ ವಾಸನೆ ಬಂದರೆ ಅದು ಅರಗಲ್ಲ. ಒಂದೊಂದನ್ನೂ ಕೈಯಲ್ಲಿ ಮಾಡುವುದರಿಂದ 300-400 ಬೇಕಿದ್ದರೆ ಒಂದೂವರೆ ತಿಂಗಳು ಮೊದಲೇ ಹೇಳಬೇಕು. ಮಳೆಗಾಲದಲ್ಲಿ ಮರ ಉಬ್ಬಿ ಮುಚ್ಚಳ ಬಿಗಿಯಾಗುತ್ತದೆ. ಮಾದರಿ ನೋಡುವಾಗ ಮುಚ್ಚಳ ಸ್ವಲ್ಪ ಸಡಿಲವಿರುವುದನ್ನೇ ಆರಿಸಿ.

ಮೈಸೂರು ಸ್ಯಾಂಡಲ್ ಸೋಪು, ಊದುಬತ್ತಿ ಇಡುವುದು ಒಳ್ಳೆಯ ಯೋಚನೆ, ಎಲ್ಲರ ಮನೆಯಲ್ಲೂ ಖರ್ಚಾಗುತ್ತದೆ. ಆದರೆ ಅದೇ ಚೀಲದಲ್ಲಿ ಸಿಹಿ ಇರಬಾರದು. ಒಂದೇ ರಾತ್ರಿಗೆ ಲಾಡು ಗಂಧದ ಸೋಪಿನ ಘಮ ಹೀರಿಕೊಳ್ಳುತ್ತದೆ, ತಿನ್ನಲಾಗುವುದಿಲ್ಲ.

ಸಿಹಿಗೆ ಬಂದರೆ, ಎಷ್ಟು ದಿನ ಇರುತ್ತದೆ ಎನ್ನುವುದು ಮೊದಲ ಪ್ರಶ್ನೆ. ಗೋಕಾಕದ ಕರದಂಟು, ಕಜ್ಜಾಯ, ಕೊಬ್ಬರಿ ಮಿಠಾಯಿ ಒಂದು ವಾರ ಆರಾಮಾಗಿ ಇರುತ್ತವೆ, ಕರದಂಟು ಇನ್ನೂ ಹೆಚ್ಚು. ಬೆಳಗಾವಿ ಕುಂದಾದಂಥ ಹಾಲಿನ ಸಿಹಿ ದೂರದ ಊರಿಗೆ ಬಸ್ಸಿನಲ್ಲಿ ಹೋಗುವವರ ಕೈಗೆ ಬೇಡ. ಅಂಗಡಿಯಿಂದ ತರುವುದಾದರೆ ಬಿಡಿ ಸಿಹಿಗೂ ಎಷ್ಟು ದಿನದೊಳಗೆ ತಿನ್ನಬೇಕು ಎಂಬ ದಿನಾಂಕ ಹಾಕಬೇಕೆನ್ನುವ ನಿಯಮ 2020ರ ಅಕ್ಟೋಬರ್‌ನಲ್ಲಿ ಬಂದಿತ್ತು, ಕೇಳಿ ತಿಳಿದುಕೊಳ್ಳಿ. ಅಡುಗೆಯವರಿಂದಲೇ ಬೂಂದಿ ಲಾಡು ಕಟ್ಟಿಸುವುದಾದರೆ 50 ಗ್ರಾಮಿನದು ಕೆಜಿಗೆ 20. ಚೀಲಕ್ಕೆ ಎರಡರಂತೆ 500 ಚೀಲಕ್ಕೆ 50 ಕೆಜಿ. ಕಟ್ಟಿದ ಲಾಡು ಪೂರ್ತಿ ಆರಿದ ಮೇಲೆಯೇ ಪೆಟ್ಟಿಗೆಗೆ ಹಾಕಬೇಕು, ತಟ್ಟೆಗಳಲ್ಲಿ ಹರಡಿ ಐದಾರು ಗಂಟೆ ಬಿಡಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ, ಮೂರನೇ ದಿನಕ್ಕೆ ಬೂಷ್ಟು.

ಸಸಿ ಕೊಡುವ ಮನೆಗಳು ಹೆಚ್ಚುತ್ತಿವೆ. ಒಳ್ಳೆಯದೇ, ಆದರೆ ಎಲ್ಲರಿಗೂ ಒಂದೊಂದು ಎಂದು ಕೈಗೆ ತುರುಕಿದರೆ ಮೂರನೇ ಮಹಡಿಯ ಫ್ಲಾಟಿನವರು ಹೊಂಗೆ ಸಸಿಯನ್ನು ಛತ್ರದ ಗೇಟಿನ ಬಳಿಯೇ ಬಿಟ್ಟು ಹೋಗುತ್ತಾರೆ. ಬಾಗಿಲ ಬಳಿ ಬೇರೆ ಮೇಜಿನಲ್ಲಿ ತುಳಸಿ, ಕರಿಬೇವು, ದಾಸವಾಳ ಇಟ್ಟು ಬೇಕಾದವರು ಆರಿಸಿಕೊಳ್ಳಲಿ. ಚೀಲದ ಲೆಕ್ಕದ ಮೂರರಲ್ಲೊಂದು ಭಾಗ ಸಾಕು. ಹಿಂದಿನ ಸಂಜೆ ನೀರು ಹಾಕಿ, ಬೆಳಗ್ಗೆ ಬೇಡ. ಇಲ್ಲದಿದ್ದರೆ ರೇಷ್ಮೆ ಸೀರೆಗಳ ಮೇಲೆ ಕೆಸರು ನೀರು. ಪುಸ್ತಕಕ್ಕೂ ಇದೇ ಉಪಾಯ: ಒಂದೇ ಪುಸ್ತಕದ 500 ಪ್ರತಿಗಿಂತ ಎಂಟು-ಹತ್ತು ಬಗೆಯ ತೆಳು ಪುಸ್ತಕ ಹರಡಿಟ್ಟರೆ ಓದುವವರು ಆರಿಸಿ ಒಯ್ಯುತ್ತಾರೆ. ಹೆಚ್ಚು ಪ್ರತಿ ಕೊಂಡರೆ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ.

ಉಡಿ ಮತ್ತು ಆಯೇರಿ

ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಚೀಲಕ್ಕಿಂತ ಉಡಿಗೆ ತೂಕ ಹೆಚ್ಚು. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ, ಎಲೆ. ಎಲ್ಲ ಹೆಂಗಸರಿಗೂ ಉಡಿ ತುಂಬುವುದು ಆಗದ ಮಾತು. ಹತ್ತಿರದ 30-40 ಮಂದಿಯ ಪಟ್ಟಿ ಮಾಡಿ, ಅವರಿಗೆ ಗುಳೇದಗುಡ್ಡದ ಕೈಮಗ್ಗದ ಖಣವನ್ನೇ ಕೊಡಿ. ಅದೇ ವಿನ್ಯಾಸವನ್ನು ಪವರ್‌ಲೂಮ್‌ನಲ್ಲಿ ನೇಯ್ದ ಬಟ್ಟೆಯೂ ಖಣವೆಂದೇ ಮಾರಾಟವಾಗುತ್ತದೆ, ಹಾಗಾಗಿ ಕೈಮಗ್ಗದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಅಕ್ಕಿಯನ್ನು ಸಣ್ಣ ಬಟ್ಟೆ ಗಂಟಿನಲ್ಲಿ ಮೊದಲೇ ಕಟ್ಟಿಟ್ಟರೆ ಸಭೆಯಲ್ಲಿ ಚೆಲ್ಲುವುದಿಲ್ಲ.

ಆಯೇರಿಯಲ್ಲಿ ಸೀರೆ, ಶಲ್ಯ, ಟೋಪಿ, ಟವೆಲ್ ಯಾರಿಗೆ ಯಾವುದು ಎನ್ನುವುದು ಹಿಂದಿನ ಲೆಕ್ಕದ ಮೇಲೆ ನಡೆಯುತ್ತದೆ. ಅವರ ಮನೆಯ ಮದುವೆಯಲ್ಲಿ ನಿಮಗೆ ಏನು ಬಂದಿತ್ತು ಎಂದು ಮನೆಯ ಹಿರಿಯರನ್ನು ಕೇಳಿ. ಪ್ರತಿ ಕಟ್ಟಿನ ಮೇಲೂ ಹೆಸರಿನ ಚೀಟಿ ಪಿನ್ನು ಮಾಡಿ. ಹೆಸರು ಕೂಗಿ ಕೊಡುವಾಗ ಕಟ್ಟು ಅದಲುಬದಲಾಗಿ ಸೋದರಮಾವನ ಕೈಗೆ ಟವೆಲ್ ಹೋದರೆ ಆಮೇಲೆ ಸರಿಪಡಿಸಲಾಗದು.

ಎಲ್ಲ ಕಡೆಯೂ ಮರೆತುಹೋಗುವವರೆಂದರೆ ಓಡಾಡಿದವರು: ಕಾರ್ಡು ಹಂಚಿದ ಹುಡುಗರು, ನೆಂಟರನ್ನು ಮಲಗಿಸಿಕೊಂಡ ಅಕ್ಕಪಕ್ಕದ ಮನೆಯವರು. ಅವರಿಗೆ ಎಲ್ಲರಿಗೂ ಕೊಟ್ಟ ಚೀಲ ಸಾಲದು. ಮದುವೆ ಮುಗಿದ ವಾರದೊಳಗೆ ಮನೆಗೆ ಹೋಗಿ ಎಲೆ ಅಡಿಕೆಯೊಂದಿಗೆ ಪಂಚೆಯೋ ಸೀರೆಯೋ ಕೊಟ್ಟು ಬನ್ನಿ. ಪುರೋಹಿತರ, ವಾದ್ಯದವರ ದಕ್ಷಿಣೆ ಇದರ ಲೆಕ್ಕಕ್ಕೆ ಸೇರುವುದಿಲ್ಲ.

ತುಂಬುವುದು, ಕೊಡುವುದು

ಚೀಲಕ್ಕೆ ಒಂದೂವರೆ ತಿಂಗಳು ಮೊದಲು, ಜೊತೆಯ ವಸ್ತುವಿಗೆ ಒಂದು ತಿಂಗಳು (ಚನ್ನಪಟ್ಟಣದ ಭರಣಿಯಾದರೆ ಒಂದೂವರೆ ತಿಂಗಳು) ಮೊದಲು ಆರ್ಡರ್ ಹೋಗಿರಲಿ. ವೈಶಾಖದ ಮುಹೂರ್ತಗಳಲ್ಲಿ ಒಂದೇ ದಿನ ಊರ ತುಂಬ ಮದುವೆ. ಆಗ ಇನ್ನೂ ಹದಿನೈದು ದಿನ ಹಿಂದಕ್ಕೆ ಹಿಡಿಯಿರಿ.

ಹಿಂದಿನ ದಿನ ಮಧ್ಯಾಹ್ನ ಆರು ಜನ ಸಾಲಾಗಿ ಕೂತರೆ 500 ಚೀಲ ಎರಡು-ಮೂರು ಗಂಟೆಯ ಕೆಲಸ. ತಳಕ್ಕೆ ಕಾಯಿ, ಜುಟ್ಟು ಮೇಲೆ. ಪಕ್ಕಕ್ಕೆ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಕಾಯಿಯ ಮೇಲಿಟ್ಟರೆ ಉರುಳಿ ಮುಚ್ಚಳ ತೆರೆಯುತ್ತದೆ. ಕಣವಿದ್ದರೆ ಪೆಟ್ಟಿಗೆಯ ಆಚೆ. ಎಲೆ ಅಡಿಕೆ ಆಗ ಬೇಡ. ಮದುವೆಯ ಬೆಳಗ್ಗೆ ಎಲೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಅಡಿಕೆ ಸೇರಿಸಿ, ಸಣ್ಣ ಕಾಗದದ ಪೊಟ್ಟಣದಲ್ಲಿ ಮೇಲುಗಡೆ ಇಡಿ. ತುಂಬಿದ ಚೀಲಗಳನ್ನು ಎರಡು ಸಾಲಿಗಿಂತ ಎತ್ತರ ಪೇರಿಸಬೇಡಿ. ಸಿಹಿ ಇದ್ದರೆ ಉಗ್ರಾಣದ ಇಲಿ, ಇರುವೆಗಳ ನೆನಪಿರಲಿ, ಬೆಂಚಿನ ಮೇಲೆ ಇಡಿಸಿ. ಬೀಗದ ಕೈ ಒಬ್ಬರದೇ ಸೊಂಟದಲ್ಲಿರಬೇಕು.

ಕೊಡುವ ಮೇಜು ಕೈತೊಳೆಯುವ ಜಾಗ ದಾಟಿ, ಹೊರಬಾಗಿಲಿಗೆ ಹೋಗುವ ದಾರಿಯಲ್ಲಿ ಇರಲಿ. ಕೈತೊಳೆಯುವಲ್ಲೇ ಇಟ್ಟರೆ ಒದ್ದೆ ಕೈ, ನೂಕುನುಗ್ಗಲು. ಊಟದ ಮನೆಯಲ್ಲಿ ಪಂಕ್ತಿ ಏಳುವುದು ಒಟ್ಟಿಗೇ: 200 ಜನರ ಪಂಕ್ತಿ ಎದ್ದರೆ ಹತ್ತು ನಿಮಿಷದಲ್ಲಿ ನೂರು ಚೀಲ ಹೋಗಬೇಕು. ಅಷ್ಟು ಚೀಲ ಮೇಜಿನ ಹಿಂದೆ ಸಿದ್ಧವಿಟ್ಟುಕೊಂಡು ನಾಲ್ಕು ಜನ ನಿಲ್ಲಿ: ಇಬ್ಬರು ಹೆಂಗಸರು ಕುಂಕುಮ, ಹೂವು ಕೊಡಲು, ಒಬ್ಬರು ಚೀಲ ಕೊಡಲು, ಒಬ್ಬರು ಹಿಂದಿನಿಂದ ತಂದು ಜೋಡಿಸಲು. ಚೀಲ ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, "ನೀವೇ ತಗೊಳ್ಳಿ" ಎಂದು ರಾಶಿ ತೋರಿಸುವುದಲ್ಲ. ಟೋಕನ್ ಕೊಟ್ಟು ಚೀಲ ಕೊಡುವ ಪದ್ಧತಿ ಲೆಕ್ಕಕ್ಕೆ ಒಳ್ಳೆಯದಿರಬಹುದು, ಬಂದವರಿಗೆ ಮಾತ್ರ ರೇಷನ್ ಅಂಗಡಿಯ ಹಾಗೆ ಕಾಣುತ್ತದೆ. ಊಟ ಮಾಡದೆ ಹೊರಡುವವರಿಗಾಗಿ 20-30 ಚೀಲ ಮುಖ್ಯ ಬಾಗಿಲಲ್ಲಿ, ಅಕ್ಷತೆ-ಪನ್ನೀರಿನವರ ಬಳಿ ಇರಲಿ.

ವಿಮಾನದಲ್ಲಿ ಹೋಗುವವರ ಚೀಲ ಬೇರೆ ಮಾಡಿ. ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಬೆಂಕಿ ಹತ್ತಬಹುದಾದ ವಸ್ತುವೆಂದು ವಿಮಾನ ಸಂಸ್ಥೆಗಳು ಅದನ್ನು ಬ್ಯಾಗಿನಲ್ಲಿ ಒಯ್ಯಲು ಬಿಡುವುದಿಲ್ಲ. ತಪಾಸಣೆಯವರು ಇಡೀ ಕಾಯಿಯನ್ನೂ ತೆಗೆಸುವುದುಂಟು. ಹಾಗೆ ಹೋಗುವವರಿಗೆ ಕಾಯಿಯ ಬದಲು ಸೋಪು, ಕುಂಕುಮ ಭರಣಿ, ಅಡಿಕೆ ಸಾಕು.

ಉಳಿದ ಚೀಲಗಳನ್ನು ಅದೇ ಸಂಜೆ ಬಿಚ್ಚಿ. ಎಲೆ ತೆಗೆಯಿರಿ, ಸಿಹಿ ಛತ್ರದ ಕೆಲಸದವರಿಗೆ ಹಂಚಿ, ಕಾಯಿ ಹತ್ತಿರದ ದೇವಸ್ಥಾನದ ದಾಸೋಹಕ್ಕೋ ಬೀಗರೂಟದ ಅಡುಗೆಗೋ ಕೊಡಿ. ಖಾಲಿ ಚೀಲಗಳನ್ನು ಮಡಿಸಿ ಇಟ್ಟುಕೊಳ್ಳಿ. ಮದುವೆಗೆ ಬರಲಾಗದೆ ಆಮೇಲೆ ಮನೆಗೆ ಬಂದು ಮುಯ್ಯಿ ಕೊಡುವವರಿಗೆ ಬೇಕಾಗುತ್ತವೆ.